ಮೂರು ಬಿದ್ದರೆ ಮಾತು

೬ ಜನವರಿ ೨೦೦೩, ಸೋಮವಾರ

ಹೊಸ ಡೈರಿಯ ಮೊದಲ ವಾರವಾದರೂ ಗೊಣಗದೆ ಬರೆಯೋಣ ಅಂದುಕೊಂಡಿದ್ದೆ. ಏಕಾಂತಪ್ಪನವರು ಬಿಡಬೇಕಲ್ಲ. ಹತ್ತನೆಯವರ ಪೂರ್ವಸಿದ್ಧತಾ ಪರೀಕ್ಷೆ ತಲೆಯ ಮೇಲಿದೆ, ಒಂಬತ್ತನೆಯವರ ಗಣಿತದ ಪೇಪರುಗಳ ಕಟ್ಟು ಇನ್ನೂ ಬಿಚ್ಚಿಲ್ಲ. ಇಂಥ ಹೊತ್ತಿನಲ್ಲಿ ನಮ್ಮ ಹೆಡ್‌ಮಾಸ್ಟರು ನನ್ನನ್ನು ಕೋಣೆಗೆ ಕರೆದು ಕೈಯಲ್ಲಿ ಒಂದು ಆಟ ಇಟ್ಟರು. ಭದ್ರಾವತಿಯ ಯೋಗರಾಜ್ ಎಂಬ ನಮ್ಮ ಹಳೆಯ ವಿದ್ಯಾರ್ಥಿ ತಾನೇ ಕಟ್ಟಿ, ತಾನೇ ಅಚ್ಚು ಹಾಕಿಸಿದ ಆಟವಂತೆ. ಬೇಸಿಗೆ ಶಿಬಿರದಲ್ಲಿ ಮಕ್ಕಳಿಗೆ ಆಡಿಸಬೇಕೆಂದು ದುಂಬಾಲು ಬಿದ್ದಿದ್ದಾನಂತೆ. ಆಡಿಸಬಹುದೋ ಬಾರದೋ ಅಂತ ನಾನು ಆಡಿ, ನೋಡಿ, ವರದಿ ಕೊಡಬೇಕಂತೆ.

ಆಟೋಟದ ಮೇಷ್ಟ್ರು ಇರುವುದು ಯಾವುದಕ್ಕೆ ಅಂತ ಕೇಳಿದೆ. ಇದರಲ್ಲಿ ಓಡುವುದು ಜಿಗಿಯುವುದು ಏನೂ ಇಲ್ಲ, ಕವಡೆ ಎಸೆದು ಲೆಕ್ಕ ನೋಡುವುದು ಮಾತ್ರ, ಹಾಗಾಗಿ ಗಣಿತದವರದೇ ಕೆಲಸ ಅಂದರು. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದವರು ಅವರು, ಪೂಜೆ ಮಾಡಬೇಕಾದವಳು ನಾನು.

ಸವಳಂಗ ರಸ್ತೆಯಲ್ಲಿ ಸಿಟಿ ಬಸ್ಸಿಗೆ ಕಾದು ಕಾದು ಮನೆ ಸೇರುವಷ್ಟರಲ್ಲಿ ಕತ್ತಲೆ. ಅಣ್ಣ ಇದ್ದಾಗ ಆಫೀಸಿಗೆ ಹೋಗುವ ದಾರಿಯಲ್ಲಿ ನನ್ನನ್ನು ಸ್ಕೂಟರಿನಲ್ಲಿ ಶಾಲೆಗೆ ಬಿಟ್ಟು, ಸಂಜೆ ಮತ್ತೆ ಕರೆತರುತ್ತಿದ್ದ. ಅಣ್ಣ ಹೋಗಿ ಎರಡು ವರ್ಷವಾಯಿತು. ವರ್ಷದ ತಿಥಿ ಮುಗಿದ ಮಾರನೆಯ ದಿನ ಅತ್ತಿಗೆ ಆ ಸ್ಕೂಟರನ್ನು ತನ್ನ ತಮ್ಮ ಚೌಡಯ್ಯನ ಮಗನಿಗೆ ಕೊಟ್ಟು ಕಳಿಸಿದರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಅವತ್ತಿನಿಂದ ನಮ್ಮಿಬ್ಬರಿಗೆ ಮಾತಿಲ್ಲ. ಒಂದೇ ಮನೆ, ಒಂದೇ ಒಲೆ, ಆದರೆ ಮಾತು ಬಿಟ್ಟಿದ್ದೇವೆ. ಮೊದಲು ಬಿಟ್ಟವರು ಅವರು. ಅವರನ್ನು ಕೇಳಿದರೆ ನನ್ನ ಕಡೆ ಬೆರಳು ಮಾಡುತ್ತಾರೆ.

ಇವತ್ತು ನಾನು ಒಳಗೆ ಬರುತ್ತಲೇ ಅತ್ತಿಗೆ ತುಳಸಿ ಕಟ್ಟೆಗೆ ಹೇಳಿದರು: "ಸಾರು ಹಳಸಿದೆ, ಚಟ್ನಿ ಇದೆ." ನಮ್ಮ ಮನೆಯ ವಾರ್ತೆಗಳು ಬರುವುದು ಹೀಗೆ. ತುಳಸಿಗೆ ಹೇಳಿದ ಚಟ್ನಿ ಹಾಕಿಕೊಂಡು ಉಂಡೆ.

೯ ಜನವರಿ

ಆಟದ ಪುಸ್ತಕ ಓದಿದೆ. ಹೆಸರು ಕಲ್ಲುಕೋಟೆಯ ಪಯಣ. ಅಚ್ಚಾಗಿರುವುದು ಮದುವೆ ಕಾಗದ ಹಾಕುವ ಪ್ರೆಸ್ಸಿನಲ್ಲಿ, ಆದ್ದರಿಂದ ರಟ್ಟಿನ ಮೇಲೆ ಚಿನ್ನದ ಬಣ್ಣದ ಗಣಪತಿ, ಮೂಲೆಗಳಲ್ಲಿ ಬಾಳೆಕಂಬ. ತೆರೆದರೆ ಒಳಗೆ ರಾಕ್ಷಸರು, ಪ್ರಪಾತ, ಸುರಂಗ. ಮದುವೆ ಮನೆಗೆ ಹೋದವರು ಯುದ್ಧಕ್ಕೆ ಸಿಕ್ಕಿಕೊಂಡ ಹಾಗಿದೆ.

ಇದಕ್ಕೆ ಮಣೆಯಿಲ್ಲ, ಕಾಯಿಗಳಿಲ್ಲ. ಸುತ್ತ ಕೂರಬೇಕು. ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿಯಬೇಕು: ದಂಡನಾಯಕ, ಕಳ್ಳಿ, ನಾಟಿ ವೈದ್ಯೆ, ಹೀಗೆ. ಒಬ್ಬರು ಸೂತ್ರಧಾರರು. ಅವರು ಕಥೆ ನಡೆಸುತ್ತ ಉಳಿದ ಎಲ್ಲರ ಮಾತನ್ನೂ, ಕಾವಲುಗಾರನಿಂದ ಹಿಡಿದು ಹುಲಿಯವರೆಗೆ, ತಾವೇ ಆಡಬೇಕು. "ನಾನು ಗೋಡೆ ಹತ್ತುತ್ತೇನೆ" ಎಂದು ಆಟಗಾರ ಹೇಳಿದರೆ ಆರು ಕವಡೆ ಎಸೆಯಬೇಕು. ಎಷ್ಟು ಕವಡೆ ಬಾಯಿ ಮೇಲೆ ಬಿದ್ದವು ನೋಡಿ, ಕೋಷ್ಟಕದಲ್ಲಿ ಇರುವಂತೆ ನಡೆಯಬೇಕು.

ಯೋಗರಾಜ್ ಮುಂಬಯಿಯ ಯಾವುದೋ ಹಾಸ್ಟೆಲಿನಲ್ಲಿ ಇಂಗ್ಲಿಷಿನವರ ಇಂಥ ಆಟ ನೋಡಿದನಂತೆ. ಮುನ್ನುಡಿಯಲ್ಲಿ ಕನ್ನಡನಾಡಿನ ಭವಿಷ್ಯವನ್ನೆಲ್ಲ ಈ ಆಟದ ಹೆಗಲಿಗೆ ಹೊರಿಸಿದ್ದಾನೆ. ಪುಟ ಹನ್ನೊಂದರ ನಂತರ ಹದಿಮೂರು, ಆಮೇಲೆ ಹನ್ನೆರಡು. "ಗಾಯದ ಪಟ್ಟಿಗೆ ಕೊನೆಯ ಪುಟ ನೋಡಿ" ಎಂದಿದೆ. ಕೊನೆಯ ಪುಟದಲ್ಲಿ ಅವನ ಫೋಟೋ ಇದೆ.

ಇನ್ನೊಂದು ನಿಯಮ: "ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಸೂತ್ರಧಾರರು ಸುಮ್ಮನಿರುವಂತಿಲ್ಲ." ಯಾಕಿರಬಾರದು ಎಂದು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದೆ.

ಸೂತ್ರಧಾರರಲ್ಲದೆ ಕನಿಷ್ಠ ಮೂವರು ಬೇಕಂತೆ. ಎಲ್ಲಿಂದ ತರಲಿ?

೧೫ ಜನವರಿ

ಇಬ್ಬರು ಸಿಕ್ಕಿದರು. ಪಕ್ಕದ ಮನೆಯ ಷಣ್ಮುಖಪ್ಪ ಮತ್ತು ಅವರ ಹೆಂಡತಿ ಜಯಾ. ಷಣ್ಮುಖಪ್ಪ ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ಮೇಲೆ ಈ ಬೀದಿಯ ಎಲ್ಲರ ಕೆಲಸದಲ್ಲೂ ತಲೆಹಾಕಲು ಅವರಿಗೆ ಬಿಡುವಿದೆ. ಎಳ್ಳು ಬೀರಲು ಬಂದ ಜಯಾ ಹತ್ತಿರ ವಿಷಯ ಹೇಳುವಷ್ಟರಲ್ಲಿ ಅವರು ಕಾಂಪೌಂಡಿನ ಆಚೆಯಿಂದಲೇ ಒಪ್ಪಿಕೊಂಡುಬಿಟ್ಟರು.

ಮೂರನೆಯವರು ಯಾರು? ಜಯಾ ನಮ್ಮ ಅಡುಗೆಮನೆ ಕಡೆ ಕಣ್ಣು ಮಾಡಿದಳು. ಸಾಧ್ಯವಿಲ್ಲ ಅಂದೆ. ಅವಳು ನೆಟ್ಟಗೆ ಎದ್ದು ಒಳಗೆ ಹೋಗಿ ಅತ್ತಿಗೆಯನ್ನು ಕೇಳಿಕೊಂಡು ಬಂದಳು. ಕವಡೆ ಆಡುವುದಾದರೆ ಬರುತ್ತಾರಂತೆ, ಆದರೆ ಯಾರ ಹತ್ತಿರವೂ ಮಾತಾಡಲು ಹೇಳಬಾರದಂತೆ.

ಚೌಕಾಬಾರ ಅಂದುಕೊಂಡಿರಬೇಕು. ನಾನೂ ತಿದ್ದಲಿಲ್ಲ. ವರದಿ ಆದರೆ ಸಾಕು.

೧೯ ಜನವರಿ, ಭಾನುವಾರ

ಮಧ್ಯಾಹ್ನ ಊಟವಾದ ಮೇಲೆ ನಡುಮನೆಯಲ್ಲಿ ಚಾಪೆ ಹಾಸಿ ಕೂತೆವು. ಏನು ಹೇಳಲಿ, ಏನು ಬಿಡಲಿ.

ದಂಡನಾಯಕನ ಹೆಸರನ್ನು ಯೋಗರಾಜ್ ಮೊದಲೇ ಚೀಟಿಯಲ್ಲಿ ಅಚ್ಚು ಹಾಕಿಸಿದ್ದಾನೆ: ಷಣ್ಮುಖ ನಾಯಕ. ನಮ್ಮ ಷಣ್ಮುಖಪ್ಪನವರಿಗೆ ಅದನ್ನು ನೋಡಿ ಆದ ಸಂತೋಷ ಅಷ್ಟಿಷ್ಟಲ್ಲ. ಪೂರ್ವಜನ್ಮದ್ದು ಅಂದರು. ಜಯಾಗೆ ಮಾತ್ರ ಸಂಕಟ. ಅವಳು ಜನ್ಮದಲ್ಲಿ ಗಂಡನ ಹೆಸರು ಹೇಳಿದವಳಲ್ಲ. ವೈದ್ಯೆಯ ಪಾತ್ರ ಹಿಡಿದು, "ನಮ್ಮನೆಯವರ ಬೆನ್ನಿಗೆ ಬಾಣ ಹೊಕ್ಕಿದೆ, ಸೊಪ್ಪು ಅರೆದು ಹಚ್ತೀನಿ" ಅಂದಳು. ಇದು ಯುದ್ಧಭೂಮಿಯೋ ಬಾಣಂತಿ ಕೋಣೆಯೋ ತಿಳಿಯಲಿಲ್ಲ.

ಅತ್ತಿಗೆ ಉಳಿದ ಚೀಟಿಗಳನ್ನು ಕೈಯಲ್ಲಿ ಹಿಡಿದು ಕನ್ನಡಕ ಏರಿಸಿ ಒಂದೊಂದನ್ನೇ ಓದಿದರು. ಸೋಮವಾರ ಬಿಡದೆ ಉಪವಾಸ ಮಾಡುವ, ಪಕ್ಕದವರ ಮರದ ಕರಿಬೇವನ್ನೂ ಕೇಳಿಯೇ ಕೀಳುವ ನಮ್ಮ ಅತ್ತಿಗೆ ದ್ಯಾಮಮ್ಮನವರು ಆರಿಸಿಕೊಂಡದ್ದು ಕಳ್ಳಿಯನ್ನು. ಹೆಸರು ಗಂಗಿ.

ನಾನು ಸೂತ್ರಧಾರಿ. ಕೋಟೆಯ ಬಾಗಿಲಿಗೆ ಬಂದರು. ಬಾಗಿಲ ಕಾವಲಿನವಳಾಗಿ ಮಾತಾಡಬೇಕಾದವಳು ನಾನೇ. ಅಷ್ಟರಲ್ಲಿ ಅತ್ತಿಗೆ ನನ್ನನ್ನೇ ನೆಟ್ಟಗೆ ನೋಡಿ ಅಂದರು: "ಬಾಗ್ಲು ತೆಗೀತೀಯೇನೇ, ಇಲ್ಲ ನಾನೇ ಒಡೀಲಾ?"

ಬಾಗಿಲು ಒಡೆಯುವುದಕ್ಕೆ ಪುಸ್ತಕದಲ್ಲಿ ಯಾವ ನಿಯಮವೂ ಇಲ್ಲ. ದೊಡ್ಡ ಲೋಪ, ವರದಿಯಲ್ಲಿ ಸೇರಿಸಬೇಕು. ಕಾವಲಿನವಳು ಕಳ್ಳಿಯನ್ನು ಗದರಬೇಕಿತ್ತು. ನನ್ನ ಬಾಯಿಗೆ ಬಂದದ್ದು, "ತಾವು ಯಾರು, ಎಲ್ಲಿಂದ ಬಂದ್ರಿ?" ಷಣ್ಮುಖಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಳ್ಳಿಗೆ ಮಣೆ ಹಾಕಿ ನೀರು ಬೆಲ್ಲ ಕೊಡಿ ಟೀಚರ್ ಅಂದರು. ಅತ್ತಿಗೆಗೆ ಏಕವಚನ ಹಾಕುವುದು ನನ್ನಿಂದಾಗದು. ಮಾತು ಬಿಟ್ಟಿದ್ದೇನೆ ನಿಜ, ಮರ್ಯಾದೆ ಬಿಟ್ಟಿಲ್ಲ.

ಕವಡೆ ಎಸೆದಾಗೆಲ್ಲ ಮೂರು ಬಿತ್ತು. ಮೂರಕ್ಕೆ ಕೋಷ್ಟಕದಲ್ಲಿ ಇರುವುದು, "ಎದುರಿನವರೊಡನೆ ಮಾತಾಡಿ ದಾರಿ ಕಂಡುಕೊಳ್ಳಿ." ಹಾಗಾಗಿ ಸಂಜೆಯವರೆಗೂ ಕಳ್ಳಿ ಮತ್ತು ಕಾವಲಿನವಳು ಬಾಗಿಲ ಎರಡು ಬದಿಯಲ್ಲಿ ವಾದಿಸಿದ್ದೇ ಆಯಿತು, ಕೋಟೆಯೊಳಗೆ ಕಾಲಿಡಲಾಗಲಿಲ್ಲ. ನೀರಸ ಆಟ.

ಎಲ್ಲರೂ ಎದ್ದ ಮೇಲೆ ಅತ್ತಿಗೆ ಚಾಪೆ ಮಡಿಸುತ್ತ ಗೋಡೆಗೆ ಹೇಳಿದರು: "ನಲ್ಲಿ ನೀರು ಬಂದಿರ್ಬೇಕು, ಯಾರಾದ್ರೂ ನೋಡ್ಲಿ."

೨೩ ಜನವರಿ

ಮುಂದಿನ ಸಲ ಯಾವಾಗ ಆಡುವುದು ಅಂತ ಅತ್ತಿಗೆ ಜಯಾಳನ್ನು ಎರಡು ಸಲ ಕೇಳಿದರಂತೆ. ಪೇಪರು ತಿದ್ದಿ ಮುಗಿದಿಲ್ಲ. ಯಾರಿಗೆ ಬೇಕು ಈ ಕರ್ಮ.

೨ ಫೆಬ್ರವರಿ, ಭಾನುವಾರ

ಭದ್ರಾವತಿಗೆ ಹೋಗಿ ಬಂದೆ. ಈ ಯೋಗರಾಜನನ್ನು ಮುಖಾಮುಖಿ ಕೇಳದೆ ವರದಿ ಬರೆಯುವಂತಿರಲಿಲ್ಲ. ಓಲ್ಡ್ ಟೌನಿನಲ್ಲಿ ಅವನದೊಂದು ಎಸ್‌ಟಿಡಿ ಬೂತು, ಜೊತೆಗೆ ಜೆರಾಕ್ಸು. ಗಾಜಿನ ಮೇಲೆ "ಕಲ್ಲುಕೋಟೆಯ ಕರ್ತೃ" ಎಂದು ಸ್ಟಿಕ್ಕರ್ ಬೇರೆ.

ಆರು ಕವಡೆ ಎಸೆದರೆ ಸೊನ್ನೆಯೋ ಆರೋ ಬೀಳುವುದು ಅಪರೂಪ, ನಡುವಿನ ಮೂರು ಮತ್ತೆ ಮತ್ತೆ ಬೀಳುತ್ತದೆ, ನೀನು ಎಲ್ಲವೂ ಸಮನಾಗಿ ಬೀಳುತ್ತವೆ ಎಂದುಕೊಂಡು ಕೋಷ್ಟಕ ಮಾಡಿದ್ದೀಯ, ಅದಕ್ಕೇ ಗೋಡೆ ಹತ್ತಲು ಹೋದರೂ ಮಾತು, ಹುಲಿ ಎದುರಾದರೂ ಮಾತು ಎಂದು ಹೇಳಿದೆ. ಕವಡೆ ನಮ್ಮ ಸಂಸ್ಕೃತಿ ಟೀಚರ್ ಅಂದ. ಸಂಸ್ಕೃತಿಯನ್ನು ನಾನು ಬೇಡ ಅಂದೆನೇ? ಆಮೇಲೆ ಗೊತ್ತಾಯಿತು, ಆ ಇಂಗ್ಲಿಷಿನವರ ಆಟದ ಹಲವು ಮುಖದ ದಾಳ ಇಡೀ ಭದ್ರಾವತಿಯಲ್ಲಿ ಸಿಗಲಿಲ್ಲ, ಅವನ ಅಜ್ಜಿಯ ಚೀಲದಲ್ಲಿ ಕವಡೆ ಇದ್ದವು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಅಲ್ಲೇ ಎಸೆದು ತೋರಿಸಿದೆ. ಅವನ ಮುಖ ಸಣ್ಣದಾಯಿತು. ಅವನೂ ಅವನ ಗೆಳೆಯರೂ ಆಡಿದಾಗೆಲ್ಲ ಕೊನೆಗೆ ಹರಟೆಯಾಗಿಬಿಡುತ್ತಿತ್ತಂತೆ, ಅವರು ಇದು ಆಟದ ಗುಣ ಎಂದುಕೊಂಡಿದ್ದರಂತೆ. ಕೋಷ್ಟಕ ಬದಲಿಸು ಎಂದು ಖಂಡಿತವಾಗಿ ಹೇಳಿ ಎದ್ದೆ.

ಬಸ್‌ಸ್ಟ್ಯಾಂಡಿಗೆ ಹೋಗುವಾಗ ಒಂದು ಅಂಗಡಿಯ ಮುಂದೆ ಅಣ್ಣನ ಸ್ಕೂಟರು ನಿಂತಿತ್ತು. ನಂಬರು ನೋಡಿಯೇ ಗುರುತು ಹಿಡಿದದ್ದು. ಬೂದು ಬಣ್ಣ ಹೋಗಿ ಈಗ ಕೆಂಪು. ಹಿಂದಿನ ಸೀಟಿಗೆ ಚಿರತೆ ಚುಕ್ಕೆಯ ಹೊದಿಕೆ. ನನಗೆ ಎಷ್ಟು ಸಿಟ್ಟು ಬಂತೆಂದರೆ ಬಿಸಿಲಿನಲ್ಲಿ ಹಾಗೇ ನಿಂತುಬಿಟ್ಟೆ. ಒಳಗಿನಿಂದ ಚೌಡಯ್ಯ ನೋಡಿ ಓಡಿ ಬಂದ. ಅದು ಅವನ ಅಂಗಡಿಯೇ. ಕುರ್ಚಿ ಒರೆಸಿ ಕೂರಿಸಿದ, ಬಾದಾಮಿ ಹಾಲು ತರಿಸಿದ. ಆಮೇಲೆ ಹೇಳಿದ.

"ಶಿವರಾತ್ರಿ ಆದ ಮಾರನೇ ದಿನ ಅಕ್ಕನ್ನ ಇಲ್ಲಿಗೇ ಕರ್ಕೊಂಡು ಬಂದ್ಬಿಡ್ತೀವಿ ಟೀಚರ್. ಅವಳೇ ಬರ್ತೀನಿ ಅಂದ್ಲು. ಮನೆ ನೀವೇ ಇಟ್ಕೊಳ್ಳಿ, ಅವಳಿಗೆ ಅದರ ಆಸೆ ಇಲ್ಲ. ನಿಮಗೆ ಹೇಳಿರ್ತಾಳಲ್ಲ?"

ಗೊತ್ತು ಅಂದೆ. ಬಾದಾಮಿ ಹಾಲು ವಿಪರೀತ ಸಿಹಿ.

೩ ಫೆಬ್ರವರಿ

ಹೋಗಲಿ. ನನಗೇನು. ಒಬ್ಬಳಿಗೆ ಒಂದು ಲೋಟ ಅಕ್ಕಿ ಸಾಕು.

ಗಾಯದ ಪಟ್ಟಿಯ ವಿಷಯ ಯೋಗರಾಜನಿಗೆ ಹೇಳಲು ಮರೆತೆ. ಅದು ಹೇಗೆ ಮರೆತೆನೋ.

೯ ಫೆಬ್ರವರಿ, ಭಾನುವಾರ

ಎರಡನೆಯ ಆಟ. ಒಂದೇ ಸಲ ಆಡಿ ವರದಿ ಬರೆದರೆ ಅನ್ಯಾಯವಾದೀತು ಎಂದು ಇನ್ನೊಮ್ಮೆ ಕೂತದ್ದು, ಬೇರೆ ಕಾರಣವಿಲ್ಲ.

ಷಣ್ಮುಖಪ್ಪನವರದು ಒಂದು ಕಣ್ಣು ಆಟದ ಮೇಲೆ, ಒಂದು ಕಿವಿ ತಮ್ಮ ಮನೆಯ ಟೀವಿಯ ಮೇಲೆ. ವಿಶ್ವಕಪ್ ಶುರುವಾಗಿದೆ. ರಾಕ್ಷಸ ಮೇಲೆ ಬಿದ್ದ ಹೊತ್ತಿಗೆ ಸರಿಯಾಗಿ ದಂಡನಾಯಕರು ಸ್ಕೋರು ನೋಡಿ ಬರುತ್ತೇನೆಂದು ಎದ್ದು ಹೋದರು. ಸೇನಾಪತಿ ಓಡಿಹೋದರೆ ಏನು ಮಾಡಬೇಕೆಂದು ಪುಸ್ತಕದಲ್ಲಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ.

ಗಂಗಿ ಅಂತೂ ಕೋಟೆಯೊಳಗೆ ಬಂದಳು. ನಾನು ಕೋಟೆಯ ಉಗ್ರಾಣ, ಬಾವಿ, ಲಾಯ ಎಲ್ಲ ವರ್ಣಿಸಿದೆ. ಕಳ್ಳಿ ಉಗ್ರಾಣಕ್ಕೆ ಕನ್ನ ಹಾಕಬಹುದೆಂದು ನಾನು ಎದುರು ನೋಡುತ್ತಿದ್ದರೆ ಅತ್ತಿಗೆ ಕೇಳಿದ್ದು, ಇಷ್ಟು ದೊಡ್ಡ ಕೋಟೆಯಲ್ಲಿ ಕಾವಲಿನವಳು ಒಬ್ಬಳೇ ಇರುತ್ತಾಳಾ, ಅವಳಿಗೆ ಯಾರೂ ಇಲ್ಲವಾ ಎಂದು. ಪುಸ್ತಕದಲ್ಲಿ ಅದರ ಬಗ್ಗೆ ಏನೂ ಬರೆದಿಲ್ಲ. ಆದರೆ ಸೂತ್ರಧಾರರು ಸುಮ್ಮನಿರುವಂತಿಲ್ಲವಲ್ಲ, ಕೆಟ್ಟ ನಿಯಮ. ಒಬ್ಬಳೇ, ಅಭ್ಯಾಸವಾಗಿದೆ ಅಂದೆ. ಅಭ್ಯಾಸವಾದವರು ಕೋಟೆ ಬಾಗಿಲನ್ನು ಹೀಗೆ ಹಗಲೂ ಹಾಕಿಕೊಂಡು ಕೂರುವುದಿಲ್ಲ ಅಂದರು ಗಂಗಿ. ಜಯಾ ವೈದ್ಯೆಯಾಗಿ ಕಾವಲಿನವಳ ನಾಡಿ ನೋಡಲಾ ಎಂದು ನಡುವೆ ಬಾಯಿ ಹಾಕಿದಳು.

ಮಕ್ಕಳಿಗೆ ಸಾಹಸವೇ ಇಲ್ಲ ಈ ಆಟದಲ್ಲಿ. ಬರೀ ಮಾತು. ಎಂಟನೆಯವರು ಹತ್ತು ನಿಮಿಷವೂ ಕೂರುವುದಿಲ್ಲ. ನಾವು ಮಾತ್ರ ಹಾಲಿನವನು ಬಂದು ಬಾಗಿಲು ಬಡಿಯುವವರೆಗೆ ಕೂತಿದ್ದೆವು.

೧೬ ಫೆಬ್ರವರಿ, ಭಾನುವಾರ

ಷಣ್ಮುಖಪ್ಪ ಬರಲಿಲ್ಲ. ನಿನ್ನೆ ಆಸ್ಟ್ರೇಲಿಯಾದವರ ಕೈಲಿ ನಮ್ಮವರು ಸೋತ ದುಃಖಕ್ಕೆ ಮುಸುಕು ಹಾಕಿ ಮಲಗಿದ್ದಾರಂತೆ. ದಂಡನಾಯಕ ಯಾತ್ರೆ ಹೋದ ಎಂದು ಹೇಳಿ, ನಿಯಮ ಮುರಿದು, ಮೂವರೇ ಆಡಿದೆವು.

ಕವಡೆ ಮೂರು. ಕಾವಲಿನವಳು ಗಂಗಿಯನ್ನು ಹಿಡಿದಳು, ನೀನು ಈ ಕೋಟೆಯಿಂದ ಮೊದಲು ಏನು ಕದ್ದೆ ಎಂದು ಕೇಳಿದಳು. (ಏಕವಚನ ಈಗ ಹೇಗೋ ಬರುತ್ತದೆ. ಆಟದಲ್ಲಿ ಮಾತ್ರ.) ಕುದುರೆ ಅಂದರು ಅತ್ತಿಗೆ. ಯಾರ ಕುದುರೆ ಎಂದೆ. ಈ ಕೋಟೆಯ ಯಜಮಾನರದು, ಅವರು ಹೋದ ಮೇಲೆ ಲಾಯದಲ್ಲೇ ನಿಂತಿತ್ತು, ಯಾರೂ ಹತ್ತುತ್ತಿರಲಿಲ್ಲ, ತುಕ್ಕು ಹಿಡಿಯುತ್ತಿತ್ತು ಅಂದರು.

ಕುದುರೆಗೆ ತುಕ್ಕು ಹಿಡಿಯುವುದಿಲ್ಲ ಎಂದು ತಿದ್ದಿದೆ. ಮೇಷ್ಟ್ರ ಚಟ, ನಾಲಿಗೆ ತಡೆಯಲಿಲ್ಲ.

ಅತ್ತಿಗೆ ತಲೆಯೆತ್ತಲಿಲ್ಲ. ಕವಡೆಗಳನ್ನು ಚಾಪೆಯ ಮೇಲೆ ಸಾಲಾಗಿ ಇಡುತ್ತ ಹೇಳಿದರು. "ಬೆಳಿಗ್ಗೆ ಎದ್ದು ಬಾಗ್ಲು ತೆಗೆದ್ರೆ ಅದೇ ಎದುರಿಗೆ. ಈಗ ಬಂದು ಕಿಕ್ ಹೊಡೀತಾರೆ ಅನ್ಸೋದು. ನನ್ ಕೈಲಿ ನೋಡಕ್ಕಾಗ್ಲಿಲ್ಲ ಕಣೇ. ಅದಕ್ಕೇ ಕೊಟ್ಬಿಟ್ಟೆ."

ಜಯಾ ಎದ್ದು, ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದು ಮನೆಗೆ ಓಡಿದಳು. ಅವರ ಮನೆಯಲ್ಲಿ ಹಾಲು ಕಾಯಿಸುವುದು ಸಂಜೆ.

ಕಾವಲಿನವಳು ಏನಾದರೂ ಹೇಳಲೇಬೇಕಲ್ಲ. "ಕಾವಲಿನವಳೂ ಆ ಕುದುರೆ ಹಿಂದೆ ಕೂತು ಹೋಗ್ತಿದ್ಲು. ಅವಳನ್ನ ಒಂದು ಮಾತು ಕೇಳ್ಬಹುದಿತ್ತು" ಅಂದೆ.

"ಕೇಳಿದ್ರೆ ಬೇಡ ಅಂತಿದ್ಲು."

ಹೌದು, ಬೇಡ ಅನ್ನುತ್ತಿದ್ದಳು. ಅದನ್ನೂ ಒಪ್ಪಿಕೊಂಡೆ, ಕಾವಲಿನವಳಾಗಿ. ಆಮೇಲೆ ಯಾರ ಸರದಿ ಎಂಬುದು ಇಬ್ಬರಿಗೂ ಮರೆತುಹೋಯಿತು. ಕವಡೆ ಹಾಗೇ ಬಿದ್ದಿದ್ದವು. ಆಟವನ್ನು ಎಲ್ಲಿ ನಿಲ್ಲಿಸಬೇಕೆಂಬ ಬಗ್ಗೆ ಪುಸ್ತಕದಲ್ಲಿ ಸ್ಪಷ್ಟತೆ ಇಲ್ಲ.

ಇವತ್ತು ವರದಿಗೆ ಬೇಕಾದ ಟಿಪ್ಪಣಿ ಏನೂ ಮಾಡಿಕೊಳ್ಳಲಿಲ್ಲ.

೧೮ ಫೆಬ್ರವರಿ

ಅತ್ತಿಗೆ ತುಳಸಿಗೆ ಹೇಳಿದರು: ಚೌಡಯ್ಯ ಎರಡನೇ ತಾರೀಕು ಹನ್ನೊಂದು ಗಂಟೆಗೆ ವ್ಯಾನು ತರುತ್ತಾನೆ.

ತುಳಸಿಗೆ ಒಂದು ಚೊಂಬು ನೀರು ಹಾಕಿ ಶಾಲೆಗೆ ಹೊರಟೆ.

೨೩ ಫೆಬ್ರವರಿ, ಭಾನುವಾರ

ಈ ಹುಡುಗನಿಗೆ ಬುದ್ಧಿ ಇದೆಯೋ ಇಲ್ಲವೋ. ನಿನ್ನೆ ಶಾಲೆಗೆ ಬಂದು ಹೊಸ ಕೋಷ್ಟಕ ಕೊಟ್ಟು ಹೋಗಿದ್ದ. ನಾನು ಹೇಳಿದ ಹಾಗೇ ಪೂರ್ತಿ ತಿದ್ದಿದ್ದಾನಂತೆ, ಕಾಲು ಮುಟ್ಟಿ ನಮಸ್ಕಾರ ಬೇರೆ. ಈಗ ಮೂರು ಬಿದ್ದರೆ ಗೆಲುವು. ಎರಡು, ನಾಲ್ಕು ಬಿದ್ದರೆ ಸ್ವಲ್ಪ ಪೆಟ್ಟಾಗಿ ಗೆಲುವು. ಮಾತು ಬರಬೇಕಾದರೆ ಆರೂ ಕವಡೆ ಬಾಯಿ ಮೇಲೆ ಬೀಳಬೇಕು.

ಮಧ್ಯಾಹ್ನ ಅದರಂತೆ ಆಡಿದೆವು. ಮೊದಲ ಎಸೆತಕ್ಕೇ ಷಣ್ಮುಖಪ್ಪ ರಾಕ್ಷಸನನ್ನು ಕೊಂದರು. ಗಂಗಿ ನಿಧಿಯ ಪೆಟ್ಟಿಗೆ ತೆಗೆದಳು. ಜಯಾ ಎಲ್ಲರ ಗಾಯ ವಾಸಿ ಮಾಡಿದಳು. ಕಾವಲಿನವಳಿಗೆ ಬಾಯಿ ಬಿಡಲು ಒಂದು ಸಂದರ್ಭವೂ ಬರಲಿಲ್ಲ. ಒಂದು ಕಾಫಿ ಕುಡಿಯುವಷ್ಟರಲ್ಲಿ ಕಲ್ಲುಕೋಟೆ ನಮ್ಮದಾಗಿ ಆಟ ಮುಗಿದುಹೋಯಿತು. ಷಣ್ಮುಖಪ್ಪ ಬಹಳ ಚೆನ್ನಾಗಿದೆ, ಈಗ ಸರಿಯಾಯಿತು ನೋಡಿ ಎಂದು ಮ್ಯಾಚು ನೋಡಲು ಹೋದರು.

ಅತ್ತಿಗೆ ಇನ್ನೂ ಕೂತಿದ್ದರು, ನನ್ನ ಕಡೆಯಿಂದ ಮತ್ತೇನೋ ಇದೆ ಎಂಬಂತೆ. ಪುಸ್ತಕ ತಿರುವಿ ನೋಡಿದೆ. ಏನೂ ಇರಲಿಲ್ಲ. ಅವರು ಎದ್ದು ಹೋಗಿ ಬೀರುವಿನಿಂದ ಸೀರೆ ತೆಗೆದು ಟ್ರಂಕಿಗೆ ಹಾಕತೊಡಗಿದರು.

ದುಡುಕುತನಕ್ಕೂ ಒಂದು ಮಿತಿ ಬೇಕು. ಹೇಳಿದ ಕೂಡಲೇ ಬದಲಾಯಿಸಿಬಿಡುವುದೇ?

೨೬ ಫೆಬ್ರವರಿ

ಶಾಲೆಯ ಎದುರಿನ ಬೂತಿನಿಂದ ಯೋಗರಾಜನಿಗೆ ಫೋನು ಮಾಡಿ ಹಳೆಯ ಕೋಷ್ಟಕವೇ ಇರಲಿ ಅಂದೆ. ಅವನಿಗೆ ತಲೆಬುಡ ಗೊತ್ತಾಗಲಿಲ್ಲ. "ನೀವೇ ತಪ್ಪು ಅಂದ್ರಲ್ಲ ಟೀಚರ್" ಅಂದ. ತಪ್ಪೇ, ಲೆಕ್ಕದ ಪ್ರಕಾರ ಪೂರ್ತಿ ತಪ್ಪು, ಆದರೂ ಇರಲಿ ಅಂದೆ. ಯಾಕೆ ಎಂದು ಕೇಳಿದ. ಕೇಳಿದ್ದಕ್ಕೆಲ್ಲ ಉತ್ತರ ಕೊಡಲು ನಾನೇನು ಅವನ ಆಟದ ಸೂತ್ರಧಾರಿಯೇ? ಫೋನಿಟ್ಟೆ.

ಏಕಾಂತಪ್ಪನವರು ವರದಿ ಎಲ್ಲಿ ಎಂದು ಮತ್ತೆ ಕೇಳಿದರು. ಈ ವಾರ ಅಂದೆ.

ಇನ್ನೊಂದು ಸಲ ಆಡಬೇಕಿತ್ತು. ಭಾನುವಾರ ಎರಡನೇ ತಾರೀಕು.

೧ ಮಾರ್ಚ್, ಶಿವರಾತ್ರಿ

ಉಪವಾಸ. ತಲೆನೋವು. ಪಾಕಿಸ್ತಾನದ ಮೇಲೆ ಗೆದ್ದರಂತೆ, ಬೀದಿಯಲ್ಲೆಲ್ಲ ಪಟಾಕಿ. ಅತ್ತಿಗೆ ತಂಬಿಟ್ಟು ಮಾಡಿದ್ದಾರೆ, ಒಬ್ಬರಿಗೆ ಒಂದು ವಾರಕ್ಕೆ ಆಗುವಷ್ಟು. ನಾನು ಒಬ್ಬಳು ಎಷ್ಟು ತಿನ್ನಬೇಕಂತೆ.

೨ ಮಾರ್ಚ್, ಭಾನುವಾರ

ಚೌಡಯ್ಯ ಹೇಳಿದ ಹೊತ್ತಿಗಿಂತ ಮುಂಚೆಯೇ ಬಾಡಿಗೆ ವ್ಯಾನು ತಂದು ಗೇಟಿಗೆ ಅಡ್ಡ ನಿಲ್ಲಿಸಿದ. ನಮ್ಮವರಿಗೆ ಬಸ್ಸಿಗೆ ಹೋಗುವುದಿದ್ದರೆ ತಡ, ಜನರನ್ನು ಕರೆದೊಯ್ಯುವುದಿದ್ದರೆ ಅವಸರ. ನಾನು ಜಗಲಿಯ ಮೇಲೆ ಪೂರ್ವಸಿದ್ಧತೆಯ ಪೇಪರು ತಿದ್ದುತ್ತ ಕೂತಿದ್ದೆ. ಒಂದೇ ಪ್ರಶ್ನೆಗೆ ಎರಡು ಸಲ ಅಂಕ ಕೊಟ್ಟು ಹೊಡೆದು ಹಾಕಿದೆ.

ಟ್ರಂಕು ನಡುಮನೆಯಿಂದ ಬಾಗಿಲವರೆಗೆ ಬಂತು. ಎರಡು ಚೀಲ, ಉಪ್ಪಿನಕಾಯಿ ಭರಣಿ. ಜಯಾ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತ ನಿಂತಿದ್ದಳು. ಷಣ್ಮುಖಪ್ಪ ವ್ಯಾನಿನ ಡ್ರೈವರಿಗೆ ಹಿಂದಕ್ಕೆ ತೆಗೆಯುವುದು ಹೇಗೆಂದು ಪಾಠ ಹೇಳುತ್ತಿದ್ದರು. ಚೌಡಯ್ಯ ಕಾಫಿ ಲೋಟ ಹಿಡಿದು, ಟೀಚರ್ ನೀವು ಆಗಾಗ ಬಂದು ಹೋಗುತ್ತಿರಿ ಎಂದು ನನಗೆ ಧಾರಾಳವಾಗಿ ಆಹ್ವಾನ ಕೊಟ್ಟ. ಅತ್ತಿಗೆ ಚಪ್ಪಲಿ ಹಾಕಿಕೊಂಡು ಬಾಗಿಲ ಚೌಕಟ್ಟಿಗೆ ಹೇಳಿದರು, ಗ್ಯಾಸು ಬುಕ್ ಮಾಡಿದೆ, ಬುಧವಾರ ತರುತ್ತಾರೆ, ಯಾರಾದರೂ ಮನೆಯಲ್ಲಿರಬೇಕು ಎಂದು.

ಆ ಚೌಕಟ್ಟನ್ನು ಕಂಡು ನನಗೆ ಮೈ ಉರಿದುಹೋಯಿತು. ಒಂದು ವರ್ಷದಿಂದ ಅದಕ್ಕೆ ಹೇಳುತ್ತಾರೆ, ತುಳಸಿಗೆ ಹೇಳುತ್ತಾರೆ, ನಲ್ಲಿಗೆ ಹೇಳುತ್ತಾರೆ. ಪೇಪರಿನ ಕಟ್ಟು ತೊಡೆಯಿಂದ ಜಾರಿ ಜಗಲಿಯೆಲ್ಲ ಹರಡಿತು. ನಾನು ಎದ್ದು ನಿಂತಿದ್ದೆ.

"ಅತ್ತಿಗೆ, ಹೋಗ್ಬೇಡಿ."

ಅವರು ತಿರುಗಿ ನನ್ನನ್ನು ನೋಡಿದರು.

"ಯಾರು ಹೇಳ್ತಿರೋದು ಇದು? ಕಾವಲಿನವಳಾ?"

"ಅಲ್ಲ. ನಾನು."

"ನಾನು ಅಂದ್ರೆ?"

ಹೇಳಿಸಿಯೇ ಬಿಡಬೇಕೆಂಬ ಹಟ ಅವರದು. ಷಣ್ಮುಖಪ್ಪ, ಡ್ರೈವರು, ಚೌಡಯ್ಯ, ಎಲ್ಲರ ಎದುರಿಗೆ.

"ಸೀತಾ. ನಿಮ್ಮ ನಾದಿನಿ. ಈ ಮನೇಲಿ ಒಬ್ಬಳೇ ಇರೋದು ನನ್ ಕೈಲಾಗಲ್ಲ ಅತ್ತಿಗೆ."

ಅತ್ತಿಗೆ ಟ್ರಂಕಿನ ಮೇಲೆ ಕೂತರು. ಸೆರಗಿನಿಂದ ಮುಖ ಒರೆಸಿಕೊಂಡು ಅಂದರು: "ಇಷ್ಟು ಹೇಳೋಕೆ ಒಂದು ವರ್ಷ ತಗೊಂಡ್ಯಲ್ಲೇ ಮಾರಾಯ್ತಿ." ಅಷ್ಟೇ ಅಂದದ್ದು. ಚೌಡಯ್ಯನಿಗೆ ಊಟ ಮಾಡಿಕೊಂಡೇ ಹೋಗಬೇಕೆಂದು ಹೇಳಿ ಚಪ್ಪಲಿ ಬಿಟ್ಟು ಒಳಗೆ ಹೋದರು. ಅವನಿಗೆ ಅರ್ಥವಾಗಲು ಇನ್ನೊಂದು ಲೋಟ ಕಾಫಿ ಬೇಕಾಯಿತು. ಡ್ರೈವರು ಖಾಲಿ ವ್ಯಾನು ವಾಪಸು ಒಯ್ಯಬೇಕಲ್ಲ ಎಂದು ಗೊಣಗುತ್ತಲೇ ಎರಡು ಸಲ ಅನ್ನ ಹಾಕಿಸಿಕೊಂಡ.

ಪೇಪರುಗಳನ್ನು ಆರಿಸಿದೆ. ಎರಡು ಹಾಳೆ ಚರಂಡಿ ನೀರಿಗೆ ಬಿದ್ದು ಒದ್ದೆಯಾಗಿವೆ. ಮಕ್ಕಳಿಗೆ ಏನು ಹೇಳುವುದೋ.

೫ ಮಾರ್ಚ್, ಬುಧವಾರ

ವರದಿ ಕೊಟ್ಟೆ. ಏಕಾಂತಪ್ಪನವರು ಓದಿ ಕನ್ನಡಕ ತೆಗೆದರು. ಪುಟ ಅದಲುಬದಲಾಗಿದೆ, ಗಾಯದ ಪಟ್ಟಿ ಇಲ್ಲ, ಕೋಷ್ಟಕದ ಲೆಕ್ಕ ತಪ್ಪು ಎಂದು ನೀವೇ ಬರೆದಿದ್ದೀರಿ, ಕೊನೆಗೆ ಕೋಷ್ಟಕ ಮಾತ್ರ ತಿದ್ದಕೂಡದು, ಶಿಬಿರದಲ್ಲಿ ಅವಶ್ಯ ಆಡಿಸಬೇಕು ಎಂದೂ ನೀವೇ ಬರೆದಿದ್ದೀರಿ, ಇದೇನು ಅಡ್ಡಗೋಡೆಯ ಮೇಲಿನ ದೀಪ ಎಂದು ಕೇಳಿದರು. ಹೌದು ಸಾರ್, ಎರಡೂ ನಿಜ ಅಂದೆ. ಗಣಿತದವರ ಬಾಯಿಂದ ಇಂಥ ಮಾತು ಕೇಳಿರಲಿಲ್ಲ ಎಂದು ಸಹಿ ಹಾಕಿದರು.

ಮನೆಯಲ್ಲಿ ನೆಮ್ಮದಿಯಿಲ್ಲ. ಮಧ್ಯಾಹ್ನ ಗ್ಯಾಸಿನವನು ಬಂದು ಚಿಲ್ಲರೆ ಇಲ್ಲ ಅಂದದ್ದು, ಜಯಾ ಹುಳಿಪುಡಿ ಕೇಳಿದ್ದು, ನನ್ನ ಚಪಾತಿ ದಪ್ಪ ಎಂಬುದು, ಚೌಡಯ್ಯನ ಮಗ ಸ್ಕೂಟರಿಗೆ ಬಳಿಸಿದ ಕೆಂಪು ಬಣ್ಣ ನೋಡಿದರೆ ನಿಮ್ಮಣ್ಣ ಎಷ್ಟು ಬೈಯುತ್ತಿದ್ದರು ಎಂಬುದು, ಅತ್ತಿಗೆಯ ಮಾತು ಒಂದೇ ಸಮ. ಪೇಪರು ತಿದ್ದಲು ಬಿಡುವುದಿಲ್ಲ, ಇದನ್ನು ಬರೆಯಲೂ ಬಿಡುವುದಿಲ್ಲ. ಈಗಲೂ ಅಡುಗೆಮನೆಯಿಂದ ಸೀತಾ, ಸೀತಾ ಎಂದು ಕೂಗುತ್ತಿದ್ದಾರೆ. ಏನಂತ ಕೇಳಿ ಬರುತ್ತೇನೆ.